ಜಿಎ4ಗೂ ಸರ್ವರ್ ಲಾಗ್‌ಗೂ ಲೆಕ್ಕ ತಾಳೆಯಾಗದಿದ್ದರೆ

ಸೈಟಿಗೆ ಬಂದವರನ್ನು ಎಣಿಸುವ ಜಿಎ4ನಲ್ಲಿ (ಗೂಗಲ್ ಅನಲಿಟಿಕ್ಸ್ 4) ದಿನಕ್ಕೆ 400 ಜನ, ಸರ್ವರ್ ತಾನೇ ಬರೆದಿಡುವ ಭೇಟಿಗಳ ದಾಖಲೆಯಾದ ಸರ್ವರ್ ಲಾಗ್‌ನಲ್ಲಿ 1,900; ಯಾವುದು ಸರಿ, ಟೂಲ್ ಬದಲಿಸಬೇಕೇ ಅಂತ ಕೇಳಿದ್ದೀರಿ. ಎರಡೂ ಪೂರ್ತಿ ಸರಿಯಲ್ಲ. ಲಾಗ್‌ನಲ್ಲಿ ಬಾಟ್‌ಗಳೂ (ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳು) ಸೇರಿರುತ್ತವೆ. ಜಿಎ4 ಎಣಿಸುವುದು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿದರೆ ಮಾತ್ರ. ಆಡ್ ಬ್ಲಾಕರ್ ಹಾಕಿಕೊಂಡವರು ಹೆಚ್ಚಾಗಿ ಲೆಕ್ಕಕ್ಕೇ ಸಿಗುವುದಿಲ್ಲ.

ಮೊದಲು ಲಾಗನ್ನು ಗೋಆಕ್ಸೆಸ್ ಎಂಬ ಲಾಗ್ ಓದುವ ಟೂಲ್‌ಗೆ ಕೊಟ್ಟು, ಕ್ರಾಲರ್‌ಗಳನ್ನು (ಅಂದರೆ ಬಾಟ್‌ಗಳನ್ನು) ಬಿಡುವ ಆಯ್ಕೆ ಹಾಕಿ ನೋಡಿ. ಅದು ಐಪಿ ವಿಳಾಸ, ದಿನಾಂಕ, ಯೂಸರ್ ಏಜೆಂಟ್ (ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಗುರುತು) ಮೂರೂ ಒಂದೇ ಇದ್ದರೆ ಒಬ್ಬರೆಂದು ಎಣಿಸುತ್ತದೆ. ಹಾಗಾಗಿ ವೈಫೈನಿಂದ ಮೊಬೈಲ್ ಡೇಟಾಗೆ ಹೋದವರು ಇಬ್ಬರಾಗಿಬಿಡುತ್ತಾರೆ!

ಯಾವ ಪುಟ ಓದಿದರು, ಎಲ್ಲಿಂದ ಬಂದರು ಎಂಬುದಷ್ಟೇ ಬೇಕಿದ್ದರೆ ಪ್ಲಾಸಿಬಲ್ ಎಂಬ ಎಣಿಕೆ ಟೂಲ್ ಸಾಕು, ಕುಕಿಯ ರಗಳೆಯಿಲ್ಲ. ಆದರೆ ಸ್ವಂತವಾಗಿ ನಡೆಸಲು ಕ್ಲಿಕ್‌ಹೌಸ್ ಎಂಬ ಡೇಟಾಬೇಸ್ ಬೇಕು, ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವಲ್ಲಿ) ಆಗದ ಮಾತು. ಅಲ್ಲಿ ಮಟೊಮೊ ಎಂಬ ಇನ್ನೊಂದು ಎಣಿಕೆ ಟೂಲ್ ನಡೆಯುತ್ತದೆ, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇದ್ದರಾಯಿತು. ಅದರ ಆರ್ಕೈವ್ ಕೆಲಸಕ್ಕೆ (ವರದಿಯ ಲೆಕ್ಕವನ್ನು ಮೊದಲೇ ಮಾಡಿಡುವುದು) ಗಂಟೆಗೊಮ್ಮೆ ತಾನಾಗಿ ಓಡುವ ಕ್ರಾನ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ವರದಿ ತೆರೆದಾಗಲೇ ಲೆಕ್ಕ ಶುರುವಾಗಿ, ಸೈಟ್ ಬೆಳೆದಂತೆ ಪುಟ ತೆವಳುತ್ತದೆ.

ಗೂಗಲ್ ಜಾಹೀರಾತು ಕೊಡುತ್ತಿದ್ದರೆ ಜಿಎ4 ಬಿಡಬೇಡಿ. ಅದರ ಅಡ್ಮಿನ್‌ನಲ್ಲಿ ಡೇಟಾ ರಿಟೆನ್ಶನ್ (ಡೇಟಾ ಉಳಿಸಿಡುವ ಅವಧಿ) 2 ತಿಂಗಳಿದ್ದರೆ ಈಗಲೇ 14ಕ್ಕೆ ಏರಿಸಿ, ಅಳಿಸಿಹೋದದ್ದು ಆಮೇಲೆ ಸಿಗದು. ಹೊಸ ಟೂಲನ್ನು ಎರಡು ವಾರ ಜೊತೆಗೇ ಓಡಿಸಿ. ಮೊತ್ತ ಹೇಗೂ ಹೊಂದುವುದಿಲ್ಲ, ಏರಿಳಿತ ಹೊಂದುತ್ತದೆಯೇ ನೋಡಿ.