ಎಂಜಿನ್ ಹೆಡ್ಡಿನ ಬೋಲ್ಟ್ ತುಂಡಾಗದಂತೆ ಬಿಚ್ಚಿ ಬಿಗಿಯುವುದು ಹೇಗೆ?

ಅಡಿಕೆಗೆ ಮದ್ದು ಬಿಡುವ ಪಂಪಿನ ಎಂಜಿನ್ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚುವಾಗ ಒಂದು ಬೋಲ್ಟ್ ತುಂಡಾಯಿತು ಎಂದಿದ್ದೀರಿ. ನಮ್ಮ ಕಾಸರಗೋಡಿನ ಮಳೆಗೆ ಬೋಲ್ಟ್ ತುಕ್ಕು ಹಿಡಿದು ಕೂತುಬಿಡುತ್ತದೆ. ಸುಮ್ನೆ ಬಲ ಹಾಕಬೇಡಿ. ಎಂಜಿನ್ ಪೂರ್ತಿ ತಣಿಯಲಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲ ನಾಲ್ಕು ಪೆಟ್ಟು ಕೊಟ್ಟು, ಸರಿಯಾದ ಅಳತೆಯ ರಿಂಗ್ ಸ್ಪಾನರ್ ಹಾಕಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಮತ್ತೆ ಸಡಿಲಿಸುವ ಕಡೆಗೆ. 'ಟಕ್' ಎಂದು ಬಿಟ್ಟರೆ ಬಂತು ಅಂತಲೇ. ರಬ್ಬರಿನ ಹಾಗೆ ತಿರುಚುವುದು ಕೈಗೆ ಗೊತ್ತಾದರೆ ಅಲ್ಲೇ ನಿಲ್ಲಿಸಿ, ಇನ್ನಷ್ಟು ಎಣ್ಣೆ ಹಾಕಿ.

ಎಲ್ಲ ಬೋಲ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೇ ಬದಿ ಪೂರ್ತಿ ತೆಗೆದರೆ ಹೆಡ್ ಡೊಂಕಾಗಬಹುದು.

ಬಿಗಿಯುವಾಗ ಜಾಸ್ತಿ ತಪ್ಪಾಗುವುದು ಶುರುವಿನಲ್ಲೇ. ತ್ರೆಡ್ (ತಿರುಪಿನ ಗೆರೆ) ಒರೆಸಿ, ಮೂರ್ನಾಲ್ಕು ಸುತ್ತು ಬರೀ ಬೆರಳಿನಿಂದ ತಿರುಗಿಸಿ. ಇಂಥ ಎಂಜಿನ್ನಿನ ಮೈ ಹೆಚ್ಚಾಗಿ ಅಲ್ಯೂಮಿನಿಯಂ, ಮೆದು ಲೋಹ ಅಲ್ವಾ, ಬೋಲ್ಟ್ ಓರೆಯಾಗಿ ಹೊಕ್ಕರೆ ತ್ರೆಡ್ಡೇ ಹೋಗುತ್ತದೆ. ಆಮೇಲೆ ಎದುರುಬದುರಾಗಿಯೇ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ (ಎಷ್ಟು ಬಲದಲ್ಲಿ ತಿರುಗಿಸುತ್ತೇವೆಂದು ಅಳೆಯುವ ಸ್ಪಾನರ್) ಬಿಗಿಯಿರಿ. ಎಷ್ಟು ಎಂಬುದು ಎಂಜಿನ್ನಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ, 8 ಮಿ.ಮೀ. ಬೋಲ್ಟಿನ ಎಷ್ಟೋ ಸಣ್ಣ ಎಂಜಿನ್‌ಗಳಿಗೆ ಅದು 24 ನ್ಯೂಟನ್ ಮೀಟರ್ ಆಸುಪಾಸು. ಪುಸ್ತಕ ಹೇಳದಿದ್ದರೆ ತ್ರೆಡ್ಡಿಗೆ ಎಣ್ಣೆ ಸವರಬೇಡಿ. ಜಾರಿಕೆಯಿಂದ ಅದೇ ಅಳತೆಗೂ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ.