ಮಧ್ಯಾಹ್ನ ಮನೆಗೆ ಮಾತ್ರ ಹೋಗಬೇಡಿ

ಹತ್ತನೇ ವರ್ಷದ ಮದುವೆ ಆನಿವರ್ಸರಿಗೆ ದೂರದ ಟೂರ್ ಆಗುತ್ತಿಲ್ಲ, ಅದರ ಬದಲಿಗೆ ಇರುವ ಊರಲ್ಲೇ ಪ್ರವಾಸಿಗಳ ಹಾಗೆ ಸುತ್ತೋಣ, ಹೆಂಡತಿಗೆ ಸರ್ಪ್ರೈಸ್ ಕೊಡೋಣ, ಎಂಥ ಜಾಗಗಳನ್ನು ಆರಿಸಿಕೊಂಡರೆ ಬೇಜಾರಾಗಲ್ಲ ಅಂತ ಕೇಳಿದ್ದೀರಿ. ನಾನು ನಿಮ್ಮ ಹೆಂಡತಿಯ ಜಾಗದಲ್ಲಿ ಇದ್ದವಳು. ನಾವು ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲನೇ ಸಲ ಪೂರ್ತಿ ಕೆಟ್ಟುಹೋಯಿತು. ಕೆಡಿಸಿದ್ದು ನಾನೇ.

ಅದು ನಮ್ಮ ಒಂಬತ್ತನೇ ವರ್ಷ. ತಾರೀಕು ಸೋಮವಾರ ಬಿದ್ದಿತ್ತು. ಇಬ್ಬರೂ ಆಫೀಸಿಗೆ ರಜೆ ಹಾಕಿದೆವು. ಊರಿನ ಹಳೇ ಭಾಗದಲ್ಲಿ ಒಂದು ರಾತ್ರಿಗೆ ಹೋಟೆಲ್ ರೂಮ್ ಬುಕ್ ಮಾಡಿದೆವು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ಕಡಿಮೆ ದರದ್ದು. ಬೆಳಗ್ಗೆ ಒಂಬತ್ತೂವರೆಗೆ ಬ್ಯಾಗ್ ಹಾಕಿಕೊಂಡು ಹೊರಟೆವು. ಮೊದಲು ಮ್ಯೂಸಿಯಂ. ಗೇಟಿಗೆ ಬೀಗ, ಸೋಮವಾರ ರಜೆ. ಸರಿ, ಹೋಟೆಲಿಗೇ ಹೋಗೋಣ ಅಂತ ಹೋದರೆ ಚೆಕ್ ಇನ್ 2 ಗಂಟೆಗೆ ಅಂದರು. ಆಗಿನ್ನೂ ಹನ್ನೊಂದಾಗಿರಲಿಲ್ಲ. ಬಿಸಿಲು ಏರಿತ್ತು, ಬೆನ್ನ ಮೇಲೆ ಭಾರ. ಆಗ ನಾನು ಹೇಳಿದೆ: "ಇಲ್ಲಿ ಸುಮ್ನೆ ಯಾಕೆ ಕಾಯೋದು? ಮನೆಗೆ ಹೋಗಿ 2 ಗಂಟೆಗೆ ಬಂದರಾಯ್ತು ಅಲ್ವಾ?"

ಮನೆ ಅಲ್ಲಿಂದ ಅರ್ಧ ಗಂಟೆ ದಾರಿ. ಆಗ ಅದು ಜಾಣತನದ ಮಾತು ಅಂತಲೇ ಅನ್ನಿಸಿತ್ತು.

ಬೀಗ ತೆಗೆದ ಕೂಡಲೇ ಬೆಳಗ್ಗೆ ಒಣಹಾಕಿದ್ದ ಬಟ್ಟೆ ಕಣ್ಣಿಗೆ ಬಿತ್ತು. ತೆಗೆದು ಮಡಿಸಿದೆ. ಇಡೋಣ ಅಂತ ಕಪಾಟು ತೆಗೆದರೆ ಒಳಗೆಲ್ಲ ಕಲಸಿಹೋಗಿತ್ತು, ಅದನ್ನೂ ಜೋಡಿಸಿದೆ. ಸಿಂಕಿನಲ್ಲಿ ನಾಲ್ಕು ಪಾತ್ರೆ ಇತ್ತು, ತೊಳೆದೆ. ನಮ್ಮ ಮನೆಯವರು ಒಂದೇ ಒಂದು ಮೇಲ್ ನೋಡ್ತೀನಿ ಅಂತ ಲ್ಯಾಪ್‌ಟಾಪ್ ತೆಗೆದರು. ಎರಡಾಯಿತು, ಮೂರಾಯಿತು. ಹತ್ತು ನಿಮಿಷ ಅಂತ ಒರಗಿದವಳಿಗೆ ಎಚ್ಚರವಾದಾಗ ಐದೂಕಾಲು. ರಸ್ತೆಯಲ್ಲಿ ಆಫೀಸು ಬಿಡುವ ಹೊತ್ತಿನ ಗಲಾಟೆ ಶುರುವಾಗಿತ್ತು. "ಈಗ ಮತ್ತೆ ಯಾರು ಹೋಗ್ತಾರೆ ಬಿಡಿ" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಆ ದಿನಕ್ಕೆ ಅಂತ ತಂದಿಟ್ಟಿದ್ದ ಹೊಸ ಅಂಗಿಯನ್ನು ಬ್ಯಾಗಿನಿಂದ ತೆಗೆದು, ನಾನು ಆಗಷ್ಟೇ ಜೋಡಿಸಿದ್ದ ಕಪಾಟಿನಲ್ಲಿ ನೇತುಹಾಕಿದರು. ರೂಮಿನ ದುಡ್ಡು ಹೋಯಿತು, ಇರಲಿ. ಆ ಅಂಗಿ ನನಗೆ ಇವತ್ತಿಗೂ ಚುಚ್ಚುತ್ತದೆ.

ಇದನ್ನು ಬಿಡಿಸಿ ಹೇಳಲೇಬೇಕು. ಬೇರೆ ಊರಿನಲ್ಲಿ ಮ್ಯೂಸಿಯಂ ಮುಚ್ಚಿದ್ದರೆ ನಾವು ಏನು ಮಾಡುತ್ತೇವೆ? ಪಕ್ಕದ ಬೀದಿಗೆ ಹೋಗುತ್ತೇವೆ. ಕಾಲು ನೋವಾದರೆ ಯಾವುದೋ ಕಟ್ಟೆ ಮೇಲೆ ಕೂರುತ್ತೇವೆ. ಕೂತಲ್ಲೇ ಏನೋ ಕಣ್ಣಿಗೆ ಬೀಳುತ್ತದೆ. ಹೋಗಲು ಬೇರೆ ಜಾಗವೇ ಇಲ್ಲವಲ್ಲ, ಅದಕ್ಕೆ. ಸ್ವಂತ ಊರಿನಲ್ಲಿ ಹಾಗಾಗಲ್ಲ. ಬಿಸಿಲಾ, ಮನೆಗೆ ಹೋಗೋಣ. ಸುಸ್ತಾ, ಮನೆಗೆ ಹೋಗೋಣ. ಮನೆಗೆ ಹೋದ ಮೇಲೆ ನಾನು ಪ್ರವಾಸಿಯಾಗಿ ಉಳಿಯುವುದು ಹೇಗೆ? ಅಲ್ಲಿ ನನಗೆ ಕಾಣುವುದು ಕೆಲಸ. ನಿಮ್ಮ ಹೆಂಡತಿಗೂ ಅದೇ ಕಾಣುತ್ತದೆ.

ಇನ್ನೂ ಒಂದು ಮಾತು. ರೂಮ್ ಬುಕ್ ಆಗಿದ್ದರೆ ಚೆಕ್ ಇನ್‌ಗೆ ಮುಂಚೆ ಬ್ಯಾಗನ್ನು ರಿಸೆಪ್ಷನ್‌ನಲ್ಲಿ ಇಟ್ಟು ಹೋಗಲು ಸಾಮಾನ್ಯವಾಗಿ ಎಲ್ಲ ಹೋಟೆಲುಗಳೂ ಬಿಡುತ್ತವೆ. ನನಗೆ ಅದು ಗೊತ್ತಿತ್ತು. ಬೇರೆ ಊರಲ್ಲಾಗಿದ್ದರೆ ನಾನೇ ಮೊದಲು ಕೇಳುತ್ತಿದ್ದೆ. ನನ್ನ ಊರಿನಲ್ಲಿ ಅದು ತಲೆಗೇ ಬರಲಿಲ್ಲ. ಆ ಬ್ಯಾಗ್ ಒಂದು ಬೆನ್ನಿಂದ ಇಳಿದಿದ್ದರೆ ಮನೆಯ ಮಾತು ಬರುತ್ತಲೇ ಇರಲಿಲ್ಲ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮುಂದಿನ ವರ್ಷ ತಾರೀಕನ್ನು ಬಿಟ್ಟು ಹತ್ತಿರದ ಶನಿವಾರ ಹಿಡಿದೆವು. ಬೆಳಗ್ಗೆಯೇ ಬ್ಯಾಗನ್ನು ಹೋಟೆಲಿನಲ್ಲಿಟ್ಟೆವು. ಸ್ವಂತ ಗಾಡಿ ಒಯ್ಯಲಿಲ್ಲ. ಗಾಡಿ ಇದ್ದರೆ ಗಮನವೆಲ್ಲ ಪಾರ್ಕಿಂಗ್ ಮೇಲೆ, ಕೈ ತಾನಾಗಿ ದಿನದ ದಾರಿಗೇ ತಿರುಗುತ್ತದೆ. ಹಳೇ ಬೀದಿಗಳಲ್ಲಿ ಗೈಡ್ ಜೊತೆ ಎರಡು ಗಂಟೆ ನಡೆಯುವ ಒಂದು ವಾಕ್‌ಗೆ ಹೆಸರು ಕೊಟ್ಟಿದ್ದೆವು. ಆ ಹುಡುಗ ಎಲ್ಲರನ್ನೂ ಯಾವ ಊರು ಅಂತ ಕೇಳಿದ. ನಾವು ಇದೇ ಊರು ಅಂದೆವು. ಅವನಿಗೆ ಎಷ್ಟು ಖುಷಿಯಾಯಿತು ಅಂದರೆ ಆಮೇಲೆ ಎಲ್ಲವನ್ನೂ ನಮಗೇ ತೋರಿಸಿ ತೋರಿಸಿ ಹೇಳಿದ. ಒಂದು ಬಸ್ ಸ್ಟಾಪಿನ ಎದುರು ನಿಲ್ಲಿಸಿ ತಲೆ ಎತ್ತಿ ನೋಡಿ ಅಂದ. ಎದುರಿನ ಕಟ್ಟಡದ ಹಣೆಯ ಮೇಲೆ ಅದನ್ನು ಕಟ್ಟಿದ ವರ್ಷ ಕೆತ್ತಿದ್ದರು, ಅದರ ಎರಡೂ ಕಡೆ ಕಲ್ಲಿನ ಗಿಣಿಗಳು. ಅದು ನನ್ನ ಬಸ್ ಸ್ಟಾಪು. ಆರು ವರ್ಷ ಅಲ್ಲಿ ನಿಂತಿದ್ದೇನೆ, ಬಸ್ಸು ಬರುವ ದಿಕ್ಕು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಿರಲಿಲ್ಲ. ಇವರು ಗಿಣಿ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ಜೋಡಿಯಲ್ಲಿ ಒಬ್ಬರ ಒಂದು ಕೈ, ಒಂದು ಕಾಲನ್ನು ಇನ್ನೊಬ್ಬರ ಕೈಕಾಲಿಗೆ ಕಟ್ಟಿ, ಇಬ್ಬರ ನಡುವೆ ಒಂದು ದಿಂಬನ್ನು ಕೈಯಲ್ಲಿ ಹಿಡಿಯದೆ ಒಯ್ಯುತ್ತ ಚಾಪೆ ಮೇಲೆ ಅಂಬೆಗಾಲಿಡಲು ಹೇಳಿದರಂತೆ. ಬರೀ ಸಪ್ಪೆ ಕೆಲಸ ಮಾಡಿದ ಜೋಡಿಗಳಿಗಿಂತ ಇವರಿಗೆ ತಮ್ಮ ಸಂಬಂಧ ಹೆಚ್ಚು ಚೆನ್ನಾಗಿದೆ ಅನ್ನಿಸಿತಂತೆ. ಇಬ್ಬರೂ ಸೇರಿ ಏನಾದರೂ ಹೊಸದು ಮಾಡಿದರೆ ಸಾಕು, ಅದಕ್ಕೆ ದೂರ ಹೋಗಬೇಕಿಲ್ಲ. ನನಗೆ ಆ ಗಿಣಿಗಳೇ ನೆನಪಾದವು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇದು ದೂರದ ಟೂರಿಗೆ ಬದಲಿ ಅಂತ ಹೊರಟರೆ ದಿನವಿಡೀ ಅದರ ಜೊತೆ ಹೋಲಿಸುತ್ತಲೇ ಇರುತ್ತೀರಿ. ಜಾಗಗಳ ಪಟ್ಟಿಯೂ ಅಷ್ಟು ಮುಖ್ಯವಲ್ಲ, ಎರಡು ಜಾಗ ಧಾರಾಳವಾಯಿತು. ಸರ್ಪ್ರೈಸ್ ಅಂತೂ ಖಂಡಿತ ಬೇಡ. ನಿಮ್ಮ ಹೆಂಡತಿ ದಿನಾ ಬಸ್ಸಿನಿಂದ ನೋಡಿಯೂ ಒಂದು ದಿನವೂ ಇಳಿಯದ ಜಾಗ ಯಾವುದು ಅಂತ ಅವರನ್ನೇ ಕೇಳಿ. ಅಂಥದ್ದು ಒಂದಾದರೂ ಇದ್ದೇ ಇರುತ್ತದೆ.

ತಾರೀಕಿಗೂ ಅಂಟಿಕೊಳ್ಳಬೇಡಿ. ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಮೊದಲೇ ವಿಚಾರಿಸಿ. ನಿಮ್ಮ ದಿನ ಫೆಬ್ರವರಿ 21, ಏಪ್ರಿಲ್ 18 ಅಥವಾ ಮೇ 18ರ ಆಸುಪಾಸಿನಲ್ಲಿದ್ದರೆ ಅದೃಷ್ಟ. ಅವು ಕ್ರಮವಾಗಿ ಟೂರಿಸ್ಟ್ ಗೈಡ್‌ಗಳ, ಪಾರಂಪರಿಕ ತಾಣಗಳ ಮತ್ತು ಮ್ಯೂಸಿಯಂಗಳ ಅಂತರರಾಷ್ಟ್ರೀಯ ದಿನಗಳು. ಆಗ ಹಲವು ಕಡೆ ಉಚಿತ ವಾಕ್, ಉಚಿತ ಪ್ರವೇಶ ಇರುತ್ತದೆ.

ಕೈಲಾದರೆ ಒಂದು ರಾತ್ರಿ ಹೊರಗೇ ಉಳಿಯಿರಿ. ನಮಗೆ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮರುದಿನ ಬೆಳಗ್ಗೆ 6 ಗಂಟೆ. ದಿನಾ ಹಾರ್ನ್ ಕೇಳುವ ಅದೇ ರಸ್ತೆಯ ನಡುವೆ ಇಬ್ಬರೇ ನಡೆದೆವು, ಪೊರಕೆಯ ಸದ್ದು ಒಂದು ಬಿಟ್ಟರೆ ಬೇರೇನಿಲ್ಲ. ರೂಮ್ ಹಿಡಿಯಲು ಆಗದಿದ್ದರೂ ಪರವಾಗಿಲ್ಲ, ಕತ್ತಲಾಗುವವರೆಗೆ ಮನೆ ಕಡೆ ತಿರುಗಬೇಡಿ.

ಮತ್ತೆ, ಹಿಂದಿನ ರಾತ್ರಿಯೇ ಬಟ್ಟೆ ಮಡಿಸಿ, ಪಾತ್ರೆ ತೊಳೆದು ಮುಗಿಸಿಬಿಡಿ. ಇಬ್ಬರೂ ಸೇರಿ.