ಭಾವನ ಕಾರು, ನಮ್ಮ ಬಿಳಿ ಕಾರ್ಡ್

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ. ಕಳೆದ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಗಂಡ ಮರದಿಂದ ಬಿದ್ದು ಸೊಂಟ ಹೋಯಿತು. ನಾನು ಬೀಡಿ ಕಟ್ಟಿ ಮನೆ ನಡೆಸುತ್ತೇನೆ. ಆಸ್ಪತ್ರೆ ಖರ್ಚಿಗೆ ವಿಪರೀತ ಬಡ್ಡಿಗೆ ಸಾಲ ಕೊಡುವ ಬ್ಲೇಡಿನವರಿಂದ 60 ಸಾವಿರ ಸಾಲ ತೆಗೆದು, ಖಾಲಿ ಚೆಕ್ ಕೊಟ್ಟಿದ್ದೇವೆ. ಇರುವುದು 40 ಸೆಂಟ್ಸ್ ಜಾಗ, ಸಣ್ಣ ಹಂಚಿನ ಮನೆ. ಆದರೂ ರೇಷನ್ ಕಾರ್ಡ್ ಬಿಳಿ, ಅಂದರೆ ಬಡವರಲ್ಲದವರದ್ದು. ಅತಿಬಡವರ ಪಟ್ಟಿಯಲ್ಲೂ ನಮ್ಮ ಹೆಸರಿಲ್ಲ. ಕಾರ್ಡಿನಲ್ಲಿ ಮಂಗಳೂರಿನಲ್ಲಿರುವ ಭಾವನ ಹೆಸರೂ ಇದೆ, ಅವರಿಗೆ ಕಾರಿದೆ. ಏನು ಮಾಡಲಿ?

ಉತ್ತರ: ಅಕ್ಕಾ, ಗಂಟು ಇರುವುದು ನೀವು ಕೊನೆಗೆ ಬರೆದ ಮಾತಿನಲ್ಲೇ. ಕಾರ್ಡಿನಲ್ಲಿರುವ ಒಬ್ಬರ ಹೆಸರಲ್ಲಿ ಸ್ವಂತ ಓಡಾಟದ ಕಾರಿದ್ದರೂ ಸಾಕು, ಕೇರಳದಲ್ಲಿ ಇಡೀ ಮನೆಗೆ ಬಡವರ ಗುಲಾಬಿ ಕಾರ್ಡ್, ತೀರಾ ಬಡವರ ಹಳದಿ ಕಾರ್ಡ್ ಎರಡೂ ಸಿಗುವುದಿಲ್ಲ. ಒಂದು ಎಕರೆಗಿಂತ ಜಾಸ್ತಿ ಜಾಗ, ಸಾವಿರ ಚದರಡಿ ಮೀರಿದ ಮನೆ, ತಿಂಗಳಿಗೆ 25,000 ದಾಟಿದ ಆದಾಯ ಇದ್ದರೂ ಹಾಗೆಯೇ. ನೀವು ಬರೆದದ್ದು ನೋಡಿದರೆ ನಿಮಗೆ ಅಡ್ಡ ನಿಂತದ್ದು ಕಾರು ಮಾತ್ರ.

ಹಾಗಾಗಿ ಮೊದಲು ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಭಾವನ ಹೆಸರು ತೆಗೆಸಿ. ಅವರು ಬೇಜಾರು ಮಾಡಿಕೊಳ್ಳಬಹುದು. ಕಾರ್ಡಿನಿಂದ ಹೆಸರು ಹೋದರೆ ತರವಾಡಿನ (ಕುಟುಂಬದ ಮೂಲಮನೆಯ) ಜಾಗದ ಪಾಲೂ ಹೋಯಿತು ಎಂಬ ಹೆದರಿಕೆ ನಮ್ಮ ಕಡೆ ಬಹಳ. ಅದು ಸುಮ್ನೆ ಹೆದರಿಕೆ, ಕಾರ್ಡಿಗೂ ಪಾಲಿಗೂ ಸಂಬಂಧವಿಲ್ಲ. ಹೆಸರು ತೆಗೆದ ಮೇಲೆ ಗುಲಾಬಿ ಕಾರ್ಡಿಗೆ ಅರ್ಜಿ ಕೊಡಿ. ಈ ಅರ್ಜಿಯನ್ನು ವರ್ಷವಿಡೀ ತೆಗೆದುಕೊಳ್ಳುವುದಿಲ್ಲ, ಯಾವಾಗ ಎಂದು ರೇಷನ್ ಅಂಗಡಿಯಲ್ಲಿ ಕೇಳುತ್ತಿರಿ. ಗುಲಾಬಿಯಾದರೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಹಳದಿಯಾದರೆ ಮನೆಗೆ 35 ಕಿಲೋ. ಮಲಯಾಳಂ ಬರೆಯಲು ಬರುವುದಿಲ್ಲ ಎಂದು ಅಂಜಬೇಡಿ. ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ.

2025ರ ನವೆಂಬರ್ 1ರಂದು ಕೇರಳ ಅತಿಬಡತನ ಮುಕ್ತ ಎಂದು ಸರಕಾರ ಘೋಷಿಸಿತು. ನೀವು ಹೇಳಿದ ಅತಿಬಡವರ ಪಟ್ಟಿಯಲ್ಲಿದ್ದದ್ದು 64,006 ಮನೆಗಳು. ನಿಮ್ಮ ಹೆಸರು ಅದರಲ್ಲಿ ಇಲ್ಲದ ಮಾತ್ರಕ್ಕೆ ನಿಮ್ಮ ಮನೆಯಲ್ಲಿ ಬಡತನವಿಲ್ಲ ಎಂದಾಗುತ್ತದಾ? ಕಾರ್ಡಿನ ಲೆಕ್ಕ ಬೇರೆ, ಆ ಪಟ್ಟಿಯನ್ನು ಮರೆತುಬಿಡಿ.

ಗಂಡನನ್ನು ಮೆಡಿಕಲ್ ಬೋರ್ಡಿಗೆ ಕರೆದುಕೊಂಡು ಹೋಗಿ. ಶೇಕಡಾ 40 ಅಂಗವೈಕಲ್ಯ ಎಂದು ಬರೆದುಕೊಟ್ಟರೆ ಪಂಚಾಯತಿನಲ್ಲಿ ಪಿಂಚಣಿಗೆ ಅರ್ಜಿ ಹಾಕಬಹುದು.

ಬ್ಲೇಡಿನವರ ವಿಷಯ ನನಗೆ ಹೆಚ್ಚು ಚಿಂತೆಯದ್ದು. ವಿಪರೀತ ಬಡ್ಡಿ ವಸೂಲಿ ಕೇರಳದಲ್ಲಿ 2012ರ ಕಾಯ್ದೆ ಪ್ರಕಾರ ಅಪರಾಧ, ಪೊಲೀಸರಿಗೆ ದೂರು ಕೊಡಬಹುದು. ಈವರೆಗೆ ಕಟ್ಟಿದ ಹಣವನ್ನು ದಿನಾಂಕ ಸಮೇತ ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ. ಕೊಟ್ಟ ಚೆಕ್ಕಿನ ನಂಬರೂ ಇರಲಿ. ಅವರು ಮತ್ತೊಂದು ಚೆಕ್ ಕೇಳಿದರೆ ಸಹಿ ಹಾಕಬೇಡಿ.